ಮರ ಕೊಯ್ಯುವ ಯಂತ್ರ: ಚಿಕ್ಕದೋ, ನಡುಗಾತ್ರದ್ದೋ?

ಮಳೆ ಹಿಡಿಯುವ ಮುಂಚೆ ಸೌದೆ ಕೂಡಿಹಾಕುವುದು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಮನೆಗಳಿಗೆ ಹೊಸ ಕೆಲಸವಲ್ಲ. ಅಡುಗೆಗೆ ಗ್ಯಾಸು ಬಂದಿರಬಹುದು. ಬಚ್ಚಲೊಲೆಯ ಹಂಡೆ ಮಾತ್ರ ಇನ್ನೂ ಅನೇಕ ಮನೆಗಳಲ್ಲಿ ಸೌದೆಯನ್ನೇ ಬೇಡುತ್ತದೆ. ಇದರ ಮೇಲೆ ಗಾಳಿಗೆ ಮುರಿದುಬಿದ್ದ ತೆಂಗು, ಒಣಗಿದ ಗೇರು, ಮಾಡಿನ ಮೇಲೆ ಬಾಗಿದ ಮಾವಿನ ಕೊಂಬೆ ಇವುಗಳ ಕಾಟ ಬೇರೆ. ಹಿಂದೆ ಕೊಡಲಿ ಹಿಡಿದು ಬರುತ್ತಿದ್ದ ಆಳುಗಳು ಇಂದು ಕರೆದೊಡನೆ ಸಿಗುವುದಿಲ್ಲ. ಪೇಟೆಯಲ್ಲಿದ್ದು ಊರಿನ ಹಿತ್ತಿಲು ನೋಡಿಕೊಳ್ಳುವವರಿಗಂತೂ ಇದು ದೊಡ್ಡ ತಲೆನೋವು. ಆದ್ದರಿಂದ, ನಾವೇ ಒಂದು ಚೈನ್ ಗರಗಸ ಕೊಂಡರಾಗದೆ ಎಂಬ ಯೋಚನೆ ನಿಮಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಅಂಗಡಿಯ ಮೆಟ್ಟಿಲು ಹತ್ತುವ ಮೊದಲು, ಯಾವ ಗಾತ್ರದ್ದು ನಮಗೆ ತಕ್ಕುದು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಳ್ಳುವುದು ಮೇಲು.

ಈ ಯಂತ್ರದ ಇತಿಹಾಸವೇ ಭಾರ ಇಳಿಸಿದ ಇತಿಹಾಸ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬವರು ೧೯೨೬ರಲ್ಲಿ ತಯಾರಿಸಿದ ವಿದ್ಯುತ್ ಚೈನ್ ಗರಗಸದ ತೂಕ ೬೪ ಕಿಲೋ. ಅದನ್ನು ಹಿಡಿಯಲು ಇಬ್ಬರು ಬೇಕಿತ್ತು. ೧೯೫೦ರಲ್ಲಿ ಅವರ ಕಂಪೆನಿ ಒಬ್ಬನೇ ಹಿಡಿಯಬಲ್ಲ ಪೆಟ್ರೋಲ್ ಯಂತ್ರವನ್ನು ಹೊರತಂದಿತು. ಅದೂ ೧೬ ಕಿಲೋ ತೂಗುತ್ತಿತ್ತು. ಇಂದಿನ ಚಿಕ್ಕ ಯಂತ್ರದ ತೂಕ ಬಾರು, ಚೈನು ಬಿಟ್ಟು ನಾಲ್ಕು ಕಿಲೋದ ಆಸುಪಾಸು. ಭಾರ ಇಳಿಯಿತು ನಿಜ, ಅಪಾಯ ಇಳಿಯಲಿಲ್ಲ. ಮರ ಕೊಯ್ಯುವಾಗ ಚೈನು ಸೆಕೆಂಡಿಗೆ ಸುಮಾರು ೨೦ ಮೀಟರ್ ವೇಗದಲ್ಲಿ ಓಡುತ್ತದೆ ಎಂಬುದನ್ನು ನೆನಪಿನಲ್ಲಿಡಿ.

ಚಿಕ್ಕ ಯಂತ್ರವೆಂದರೆ ೩೦ರಿಂದ ೪೦ ಸಿ.ಸಿ. ಎಂಜಿನ್, ೧೨ರಿಂದ ೧೬ ಇಂಚಿನ ಬಾರು. ನಡುಗಾತ್ರದ್ದೆಂದರೆ ೫೦ರಿಂದ ೬೦ ಸಿ.ಸಿ. ಎಂಜಿನ್, ೧೮ರಿಂದ ೨೦ ಇಂಚಿನ ಬಾರು. ಬಾರು, ಚೈನು, ಎಣ್ಣೆ ಎಲ್ಲ ಸೇರಿದಾಗ ಇವೆರಡರ ನಡುವೆ ಸುಮಾರು ಎರಡು ಕಿಲೋ ವ್ಯತ್ಯಾಸ ಬರುತ್ತದೆ. ಅಂಗಡಿಯಲ್ಲಿ ಎತ್ತಿ ನೋಡಿದಾಗ ಎರಡು ಕಿಲೋ ಏನೂ ಅಲ್ಲ ಎನ್ನಿಸೀತು. ಬಿಸಿಲಿನಲ್ಲಿ ಒಂದು ತಾಸು ಬಗ್ಗಿ ಕೊಯ್ದ ಮೇಲೆ ಅದೇ ಎರಡು ಕಿಲೋ ತೋಳನ್ನು ಸೋಲಿಸುತ್ತದೆ. ತೋಳು ಸೋತಾಗಲೇ ಹಿಡಿತ ಸಡಿಲುವುದು, ಕೈಕಾಲಿಗೆ ಪೆಟ್ಟಾಗುವುದು.

ಹಾಗಾದರೆ ತೀರ್ಮಾನಿಸುವುದು ಹೇಗೆ? ಒಂದು ಹಗ್ಗ ತೆಗೆದುಕೊಂಡು ಹಿತ್ತಿಲಿಗೆ ಹೋಗಿ. ನೀವು ಕೊಯ್ಯಬೇಕೆಂದಿರುವ ಮರಕ್ಕೆ ಸುತ್ತಿ ಅಳೆಯಿರಿ. ಸುತ್ತಳತೆಯ ಮೂರರಲ್ಲೊಂದು ಭಾಗವೇ ಹೆಚ್ಚುಕಡಿಮೆ ಅದರ ದಪ್ಪ. ಮೂರಡಿ ಸುತ್ತಳತೆಯ ಮರ ಒಂದಡಿ ದಪ್ಪವೆಂದಾಯಿತು. ಬಾರು ಮರದ ದಪ್ಪಕ್ಕಿಂತ ಎರಡಿಂಚು ಉದ್ದವಿದ್ದರೆ ಸಾಕು; ಎಂದರೆ ೧೪ ಇಂಚಿನದು ಇದಕ್ಕೆ ಧಾರಾಳ. ವರ್ಷವಿಡೀ ನೀವು ಕೊಯ್ಯುವ ಗೇರಿನ ಕೊಂಬೆ, ಗಾಳಿಮರದ ತುಂಡು, ಅಕೇಶಿಯಾದ ಕಾಂಡ ಇವುಗಳಲ್ಲಿ ಒಂದಡಿ ಮೀರುವುದು ಎಷ್ಟು ಎಂದು ಎಣಿಸಿ ನೋಡಿ. ಹೆಚ್ಚಿನ ಮನೆಗಳ ಲೆಕ್ಕ ಚಿಕ್ಕ ಯಂತ್ರಕ್ಕೇ ಬಂದು ನಿಲ್ಲುತ್ತದೆ.

ದಪ್ಪವೊಂದೇ ಅಳತೆಯಲ್ಲ ಎಂಬ ಆಕ್ಷೇಪ ನಿಮ್ಮಲ್ಲಿ ಏಳಬಹುದು; ಅದು ಸರಿಯಾದುದೇ. ಹಳೆಯ ತೆಂಗಿನ ಕಾಂಡ ಒಂದಡಿಯೇ ಇದ್ದರೂ ಅದರ ಹೊರಸುತ್ತು ಬಲು ಗಟ್ಟಿ. ಚೈನಿನ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ವರ್ಷಕ್ಕೆ ಒಂದೆರಡು ತೆಂಗಾದರೆ ಚಿಕ್ಕ ಯಂತ್ರಕ್ಕೆ ನಡುನಡುವೆ ವಿರಾಮ ಕೊಟ್ಟು, ಹಲ್ಲು ಅರೆದುಕೊಂಡು ನಿಧಾನವಾಗಿ ಮುಗಿಸಬಹುದು. ಬೈಂದೂರು ಕಡೆಯ ರಬ್ಬರ್ ತೋಟದಲ್ಲಿ ಹಳೆಯ ಮರಗಳನ್ನು ಸಾಲಾಗಿ ತೆಗೆಯುವವರಿಗೆ, ಕೂಲಿಗೆ ಮರ ಕೊಯ್ಯುವುದನ್ನೇ ಕಸುಬು ಮಾಡಿಕೊಂಡವರಿಗೆ ನಡುಗಾತ್ರದ್ದೇ ಸರಿ. ಚಿಕ್ಕದನ್ನು ದಿನವಿಡೀ ದುಡಿಸಿದರೆ ಅದರ ಎಂಜಿನ್ ಬಾಳುವುದಿಲ್ಲ.

ಮನೆಯ ಹಿಂದಿನ ಆ ಒಂದು ಮುದಿ ಹಲಸು, ಎರಡೂವರೆ ಅಡಿ ದಪ್ಪದ್ದು, ಅದಕ್ಕಾಗಿ ದೊಡ್ಡ ಯಂತ್ರ ಕೊಳ್ಳಬೇಡವೆ? ಬೇಡ. ಅದಕ್ಕೆ ಕಸುಬಿನವರನ್ನು ಕರೆಸಿ, ಕೂಲಿ ಕೊಟ್ಟು ಕೈಮುಗಿಯಿರಿ. ಒಂದು ದಿನದ ಮರಕ್ಕಾಗಿ ವರ್ಷವಿಡೀ ಭಾರ ಹೊರುವುದು ಲೆಕ್ಕಕ್ಕೆ ಕೂಡುವ ಮಾತಲ್ಲ. ಬಾರು ಉದ್ದವಾದಷ್ಟೂ ಯಂತ್ರ ಬಲವಾದದ್ದು ಎಂಬುದೂ ಭ್ರಮೆ. ಬಲ ಇರುವುದು ಎಂಜಿನ್ನಿನಲ್ಲಿ. ಎಂಜಿನ್ನಿಗೆ ಮೀರಿದ ಬಾರು ಕೂಡಿಸಿದರೆ ಅದು ಏದುತ್ತದೆ.

ಯಾವುದನ್ನೇ ಕೊಂಡರೂ ಹಲ್ಲು ಹರಿತವಾಗಿರಲಿ. ಹೊಟ್ಟು ಚೂರುಚೂರಾಗಿ ಬಿದ್ದರೆ ಹಲ್ಲು ಹರಿತ. ಹಿಟ್ಟಿನಂತೆ ಉದುರಿದರೆ ಅರವಿಗೆ ಕೆಲಸ ಬಂತೆಂದು ತಿಳಿಯಿರಿ. ಚಿಕ್ಕ ಯಂತ್ರಗಳ ಚೈನಿಗೆ ಸಾಮಾನ್ಯವಾಗಿ ೪ ಮಿಲಿಮೀಟರಿನ ದುಂಡು ಅರ ಹಿಡಿಯುತ್ತದೆ. ಮರವಂತೆ, ಗಂಗೊಳ್ಳಿ, ಕೋಡಿಯಂಥ ಕಡಲಂಚಿನವರು ಇನ್ನೊಂದು ಮಾತು ಗಮನಿಸಬೇಕು: ಹೊಯಿಗೆಯಲ್ಲಿ ಬಿದ್ದ ಮರವನ್ನು ಅಲ್ಲೇ ಕೊಯ್ಯಬೇಡಿ, ಅಡ್ಡತುಂಡುಗಳ ಮೇಲೆ ಎತ್ತಿಟ್ಟು, ಹೊಯಿಗೆ ಗುಡಿಸಿ ಕೊಯ್ಯಿರಿ. ಪೆಟ್ರೋಲಿಗೆ ಟೂಟಿ ಎಣ್ಣೆ ಬೆರೆಸುವಾಗ ಕಂಪೆನಿಯ ಪುಸ್ತಕ ಹೇಳಿದ ಪ್ರಮಾಣವನ್ನೇ ಪಾಲಿಸಿ. ಐವತ್ತಕ್ಕೊಂದು ಎಂದಿದ್ದರೆ ಲೀಟರಿಗೆ ೨೦ ಮಿಲಿಲೀಟರ್. ಇಪ್ಪತ್ತೈದಕ್ಕೊಂದು ಎಂದಿದ್ದರೆ ೪೦.

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದುದು. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಗಲಿದರೆ ಯಂತ್ರ ಕಣ್ಣೆವೆ ಇಕ್ಕುವುದರೊಳಗೆ ಮೇಲಕ್ಕೆದ್ದು ನಿಮ್ಮ ಮುಖದತ್ತ ಚಿಮ್ಮುತ್ತದೆ. ಚಿಕ್ಕ ಯಂತ್ರವೂ ಇದಕ್ಕೆ ಹೊರತಲ್ಲ. ಆದ್ದರಿಂದ ಚೈನ್ ಬ್ರೇಕ್ ಇಲ್ಲದ ಯಂತ್ರವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಎರಡೂ ಕೈಯಲ್ಲಿ ಹಿಡಿಯಿರಿ. ಹೆಗಲಿಗಿಂತ ಮೇಲೆ ಎತ್ತಬೇಡಿ. ಏಣಿಯ ಮೇಲೆ ನಿಂತು ಕೊಯ್ಯಲೇಬೇಡಿ. ಲುಂಗಿ ಉಟ್ಟು, ಬರಿಗಾಲಲ್ಲಿ ಕೆಲಸಕ್ಕಿಳಿಯುವ ನಮ್ಮ ರೂಢಿ ಇಲ್ಲಿ ಸಲ್ಲದು. ದಪ್ಪ ಪ್ಯಾಂಟು, ಬೂಟು, ಕನ್ನಡಕ, ಶಿರಸ್ತ್ರಾಣ, ಕಿವಿಗೆ ತಡೆ, ಇವುಗಳ ಬೆಲೆಯನ್ನೂ ಯಂತ್ರದ ಬೆಲೆಯೊಡನೆ ಸೇರಿಸಿಯೇ ಲೆಕ್ಕ ಹಾಕಿ. ಒಬ್ಬರೇ ಇರುವಾಗ ಯಂತ್ರ ಚಾಲೂ ಮಾಡಬೇಡಿ. ಕೂಗಿದರೆ ಓಗೊಡುವಷ್ಟು ಹತ್ತಿರ ಒಬ್ಬರಿರಲಿ.

ನಿಂತ ಮರಕ್ಕೆ ಕೈಹಾಕುವ ಮುನ್ನ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಸ್ವಂತ ಜಾಗದ ಅನೇಕ ಮರಗಳನ್ನು ಕಡಿಯಲೂ ಅನುಮತಿ ಬೇಕು. ತೆಂಗು, ಗಾಳಿ, ರಬ್ಬರಿನಂಥ ಕೆಲವಕ್ಕೆ ವಿನಾಯಿತಿಯುಂಟು.

ಹಿತ್ತಿಲಿನ ಅತಿ ದೊಡ್ಡ ಮರವನ್ನು ನೋಡಿ ಯಂತ್ರ ಆರಿಸಬೇಡಿ. ನಿತ್ಯ ಕೊಯ್ಯುವ ಸೌದೆಯನ್ನು ನೋಡಿ, ಹಿಡಿಯುವ ತೋಳನ್ನು ನೋಡಿ ಆರಿಸಿ. ಹಂಡೆಯ ನೀರು ಯಾವ ಗಾತ್ರದ ಯಂತ್ರ ಕೊಯ್ದ ಸೌದೆಯಿಂದಲೂ ಕಾಯುತ್ತದೆ. ಕೊಯ್ದವರು ಕೈಕಾಲು ನೆಟ್ಟಗಿಟ್ಟುಕೊಂಡು ಆ ನೀರು ಮೀಯುವಂತಾಗಬೇಕು, ಅಷ್ಟೆ.