ನಮ್ಮ ಮಂದಿ ಅಂತ ನಂಬಿದೆ, ಆಮೇಲೆ ನಾನೇ ಏಜೆಂಟ್ ಆದೆ

ನಾನು ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಎಂಟೆಕ್ ಮುಗಿಸಿ ಹಿಂಜವಡಿಯಲ್ಲಿ ಕೋಡ್ ಬರೆಯೋ ಕೆಲಸ. ಇವತ್ತು ಮಾತಾಡೋದು ಕೋಡ್ ಬಗ್ಗೆ ಅಲ್ಲ, ರಿಯಲ್ ಎಸ್ಟೇಟ್ ಏಜೆಂಟ್ ಆಗಿ ನೋಂದಣಿ ಮಾಡಿಸಿಕೊಂಡ ಬಗ್ಗೆ.

ಮೊದಲು ನನ್ನ ದಡ್ಡತನ ಹೇಳಿಬಿಡ್ತೀನಿ. 2021ರಲ್ಲಿ ಫ್ಲ್ಯಾಟ್ ಹುಡುಕ್ತಾ ಇದ್ದೆ. ಒಬ್ಬ ಏಜೆಂಟ್ ಸಿಕ್ಕಿದ, ಧಾರವಾಡ ಕಡೆಯವನು. "ನೀವು ನಮ್ಮ ಮಂದಿ ಬಿಡ್ರಿ ಸರ" ಅಂದ. ಅಷ್ಟಕ್ಕೇ ಕರಗಿಹೋದೆ. ಅಗ್ರಿಮೆಂಟ್ ಆಗುವ ಮೊದಲೇ ಮೂರು ಲಕ್ಷ ಕೊಟ್ಟೆ. ಅದರಲ್ಲಿ ಒಂದು ಲಕ್ಷ ಅವನ ಕೈಗೇ, ನಗದು. ಆಮೇಲೆ ಗೊತ್ತಾಯ್ತು, ಆ ಪ್ರಾಜೆಕ್ಟೂ ನೋಂದಣಿ ಆಗಿರಲಿಲ್ಲ, ಅವನೂ ಆಗಿರಲಿಲ್ಲ. ಬಿಲ್ಡರ್ ಹತ್ತಿರ ಜಗಳ ಆಡಿ ಎರಡು ಲಕ್ಷ ವಾಪಸ್ ಬಂತು. ನಗದಿಗೆ ರಸೀದಿಯೇ ಇರಲಿಲ್ಲ, ಅದು ಹೋಯ್ತು. ಹೆಂಡತಿಗೆ ಹೇಳೋಕೆ ನನಗೆ ಎರಡು ವಾರ ಬೇಕಾಯ್ತು.

ಆ ಸಿಟ್ಟಿನಲ್ಲಿ 2016ರ ರೇರಾ ಕಾಯ್ದೆ ಓದಲು ಕೂತೆ. ಓದ್ತಾ ಓದ್ತಾ ನಾಚಿಕೆ ಆಯ್ತು. ಎಲ್ಲಾ ಅಲ್ಲೇ ಬರೆದಿದೆ! ಸೆಕ್ಷನ್ 9ರ ಪ್ರಕಾರ ಏಜೆಂಟ್ ನೋಂದಣಿ ಇಲ್ಲದೆ ಪ್ರಾಜೆಕ್ಟಿನ ಫ್ಲ್ಯಾಟ್ ಮಾರಿಸುವಂತಿಲ್ಲ. ಸೆಕ್ಷನ್ 10ರ ಪ್ರಕಾರ ನೋಂದಣಿ ಆಗಬೇಕಿದ್ದೂ ಆಗದ ಪ್ರಾಜೆಕ್ಟನ್ನು ಮುಟ್ಟುವಂತಿಲ್ಲ. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಫ್ಲ್ಯಾಟ್ ಬೆಲೆಯ ಶೇ. 5ರವರೆಗೂ ಹೋಗಬಹುದು. ಸೆಕ್ಷನ್ 13: ಮಾರಾಟದ ಒಪ್ಪಂದ ನೋಂದಣಿ ಆಗದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಹಣ ತಗೊಳ್ಳುವಂತಿಲ್ಲ.

ಇಷ್ಟು ಓದಿದ ಮೇಲೆ ಅನ್ನಿಸ್ತು, ಪೂರ್ತಿ ಕಲಿತೇ ಬಿಡೋಣ. ಲೇಆಫ್ ಸುದ್ದಿ ದಿನಾ ಬರ್ತಿತ್ತು, ಕೈಯಲ್ಲಿ ಇನ್ನೊಂದು ಕಸುಬು ಇರಲಿ ಅನ್ನೋ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮಹಾರಾಷ್ಟ್ರದಲ್ಲಿ 2023ರ ಜನವರಿಯಲ್ಲಿ ಮಹಾರೇರಾ ಏಜೆಂಟ್‌ಗಳಿಗೆ ತರಬೇತಿ, ಪರೀಕ್ಷೆ ಎರಡನ್ನೂ ಕಡ್ಡಾಯ ಮಾಡಿತು. 20 ಗಂಟೆ ತರಬೇತಿ. ನಾನು ಶನಿವಾರ, ಭಾನುವಾರ ಆನ್‌ಲೈನ್‌ನಲ್ಲಿ ಮುಗಿಸಿದೆ. ಪರೀಕ್ಷೆ ನಡೆಸೋದು ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್. ಎಂಟೆಕ್ ಅಂತ ಜಂಬ ಬೇಡ, ಕಾರ್ಪೆಟ್ ಏರಿಯಾದಲ್ಲೇ ಎಡವಿದೆ. ಮನೆಯ ಒಳಗೋಡೆ ಅದರಲ್ಲಿ ಸೇರುತ್ತೆ, ಬಾಲ್ಕನಿ ಸೇರಲ್ಲ. ಪಾಸಾದ ಮೇಲೆ ಪ್ರಮಾಣಪತ್ರ, ಪ್ಯಾನ್, ವಿಳಾಸದ ದಾಖಲೆ, ಆದಾಯ ತೆರಿಗೆ ರಿಟರ್ನ್ಸ್ ಅಪ್‌ಲೋಡ್ ಮಾಡಿ, 10,000 ರೂಪಾಯಿ ಶುಲ್ಕ ಕಟ್ಟಿದೆ. ನೋಂದಣಿ ಐದು ವರ್ಷಕ್ಕೆ. ಇದು ಮಹಾರಾಷ್ಟ್ರಕ್ಕೆ ಮಾತ್ರ. ಬೆಂಗಳೂರು, ಹೈದರಾಬಾದ್, ಚೆನ್ನೈನಲ್ಲಿ ಆಯಾ ರಾಜ್ಯದ ರೇರಾದಲ್ಲೇ ಬೇರೆ ಮಾಡಿಸಬೇಕು.

ಒಂದು ಮಾತು, ನೌಕರಿಯಲ್ಲಿ ಇರೋರು ಮೊದಲು ಆಫರ್ ಲೆಟರ್ ಓದಿ. ನಾನು ಎಚ್‌ಆರ್‌ನಿಂದ ಲಿಖಿತ ಅನುಮತಿ ತಗೊಂಡೇ ಮುಂದುವರಿದೆ. ಅದು ಪರೀಕ್ಷೆಗಿಂತ ಕಷ್ಟ ಆಯ್ತು!

ನನ್ನ ಮೊದಲ ಗಿರಾಕಿಗಳು ಹಾಸನದ ಗಂಡ ಹೆಂಡತಿ, ಇಬ್ಬರೂ ಐಟಿ. ಫ್ಲ್ಯಾಟ್ ಇಷ್ಟ ಆಗಿತ್ತು, ಅವತ್ತೇ ಟೋಕನ್ ಕೊಡೋಕೆ ರೆಡಿ. ನಾನು ಮಹಾರೇರಾ ಸೈಟ್ ತೆಗೆದು ನೋಡಿದೆ. ಮುಗಿಸುವ ದಿನಾಂಕ ಎರಡು ಸಲ ಮುಂದೆ ಹೋಗಿತ್ತು. ಹೇಳದೇ ಇದ್ದರೆ ನನಗೆ ಒಂದೂವರೆ ಲಕ್ಷದ ಹತ್ತಿರ ಕಮಿಷನ್. ಸೈಟ್‌ನಲ್ಲಿ ಎಲ್ಲರಿಗೂ ಕಾಣೋ ವಿಷಯ ತಾನೆ, ಅವರೇ ನೋಡ್ಕೊಳ್ಳಲಿ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಆಮೇಲೆ ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿದೆ. ಅವರು ತಗೊಳ್ಳಲಿಲ್ಲ. ಮನೆಗೆ ಬಂದು ಹೆಂಡತಿಗೆ ಅವತ್ತೇ ಹೇಳಿದೆ. "ಹೋದ ಒಂದು ಲಕ್ಷ ಈಗ ವಸೂಲಿ ಆಯ್ತು" ಅಂದಳು.

ಊರು ಬಿಟ್ಟು ಬಂದ ನಮಗೆ ಕನ್ನಡ ಕೇಳಿದ ಕೂಡಲೇ ಎಚ್ಚರ ತಪ್ಪುತ್ತೆ. ಕನ್ನಡದಲ್ಲಿ ಮಾತಾಡಿ, ಕಾಫಿ ಕುಡೀರಿ. ಆದರೆ ದುಡ್ಡು ಕೊಡೋ ಮೊದಲು ಪ್ರಾಜೆಕ್ಟ್ ನಂಬರ್, ಏಜೆಂಟ್ ನಂಬರ್ ಎರಡೂ ಕೇಳಿ, ಸೈಟ್‌ನಲ್ಲಿ ನೀವೇ ಹಾಕಿ ನೋಡಿ. ನನ್ನದನ್ನೂ ಕೇಳಿ, ಬೇಜಾರು ಮಾಡ್ಕೊಳ್ಳಲ್ಲ.