ಬೆಳಕು ಬೀಳದ ರೋಲ್

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ಆವರಣದಲ್ಲಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಛಾಯಾಚಿತ್ರ ಪ್ರದರ್ಶನದ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ನಾನು ಭಾಷಣಕಾರನಲ್ಲ. ನೌಕರಿ ಮಾಡಿದ್ದು ಹೊಟ್ಟೆಗಾಗಿ, ಫೋಟೋ ತೆಗೆದದ್ದು ಹುಚ್ಚಿಗಾಗಿ. ಆ ಹುಚ್ಚಿನ ಬಗ್ಗೆ ಹೇಳು ಅಂದರು, ಅದಕ್ಕೇ ಒಪ್ಪಿಕೊಂಡೆ. ಕೊನೆಯಲ್ಲಿ ಒಂದು ತಪ್ಪನ್ನೂ ಒಪ್ಪಿಕೊಳ್ಳುವುದಿದೆ.

ಮೊದಲು ಒಂದು ಮಾತು. ಹವ್ಯಾಸಿ ಅಂದರೆ ಅರೆಬರೆ ಕಲಿತವನು ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ನಮ್ಮ ಭಾಗದ ಗುಡಿಗಳ ಮೊದಮೊದಲ ಫೋಟೋಗಳನ್ನು ತೆಗೆದವರಲ್ಲಿ ಒಬ್ಬರು ಫಿರಂಗಿ ದಳದ ಅಧಿಕಾರಿ, ಕರ್ನಲ್ ಬಿಗ್ಸ್. ಇನ್ನೊಬ್ಬರು ವೈದ್ಯರು, ಡಾ. ಪಿಗೂ. ಅವರ ಹಾಗೂ ನೀಲ್ ಎಂಬುವರ ಚಿತ್ರಗಳು ಸೇರಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಪುಸ್ತಕವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಬೆಂಗಳೂರಿನ ಡಾ. ಜಿ. ಥಾಮಸ್ ಅವರೂ ವೃತ್ತಿಯಿಂದ ವೈದ್ಯರೇ. 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಹುಟ್ಟಿದ್ದು ಅವರ ಪ್ರಯತ್ನದಿಂದ. ಸಂಡೂರಿನ ಎಂ.ವೈ. ಘೋರ್ಪಡೆಯವರು ಮಂತ್ರಿಯಾಗಿದ್ದರು, ಕಾಡಿನ ಆನೆಗಳನ್ನು ಕಪ್ಪುಬಿಳುಪಿನಲ್ಲಿ ಸೆರೆಹಿಡಿದರು. ಮೂಡಿಗೆರೆಯ ತೇಜಸ್ವಿಯವರು ಕಥೆ ಬರೆದರು, ತೋಟ ಮಾಡಿದರು, ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ದಿನಗಟ್ಟಲೆ ಕಾದರು. ಬೆಂಗಳೂರಿನ ಯೂತ್ ಫೋಟೋಗ್ರಫಿಕ್ ಸೊಸೈಟಿ 1971ರಿಂದ ಇಂಥ ಹವ್ಯಾಸಿಗಳನ್ನು ಕೂಡಿಸುತ್ತ ಬಂದಿದೆ. ಹವ್ಯಾಸಿಗೆ ಸಂಬಳವಿಲ್ಲ, ಆದರೆ ಕಾಯುವುದಕ್ಕೆ ವೇಳೆ ಇರುತ್ತದೆ.

ನಾನು ಧಾರವಾಡದಲ್ಲಿ ನೌಕರಿಗೆ ಸೇರಿದ ಮೇಲೆ ಅಲ್ಲಿ ಐದಾರು ಮಂದಿ ಗೆಳೆಯರಾದರು. ಒಬ್ಬರು ಬ್ಯಾಂಕಿನವರು, ಒಬ್ಬರು ಶಿಕ್ಷಕರು, ಒಬ್ಬರು ಔಷಧ ಅಂಗಡಿಯವರು. ಪ್ರತಿ ಭಾನುವಾರ ಒಬ್ಬರ ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಚಹಾ, ಚುರುಮುರಿ, ಮತ್ತು ಆ ವಾರದ ಪ್ರಿಂಟುಗಳು. ಒಬ್ಬರ ಹತ್ತಿರ ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3. ಒಂದು ರೋಲಿಗೆ ಹನ್ನೆರಡೇ ಚಿತ್ರ. ಇನ್ನೊಬ್ಬರ ಹತ್ತಿರ ಯಾಶಿಕಾ. ನನ್ನ ಹತ್ತಿರ ರಷ್ಯಾದ ಝೆನಿಟ್, ಎತ್ತಿದರೆ ಒಂದು ಸೇರು ಜೋಳದ ಭಾರ. ಯಾವ ಲೆನ್ಸ್ ಒಳ್ಳೆಯದು, ಊಟಿಯ ಇಂದು ಫಿಲ್ಮ್ ಚೆಂದವೋ ಜರ್ಮನಿಯ ಓರ್ವೋ ಚೆಂದವೋ ಎಂದು ಚಹಾ ಆರುವವರೆಗೂ ಜಗಳ.

ಒಂದು ಭಾನುವಾರ ನಾನು ನಮ್ಮೂರ ಕಮಲನಾರಾಯಣ ಗುಡಿಯ ಚಿತ್ರಗಳನ್ನು ಒಯ್ದೆ. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ, ಶಿಲ್ಪಿ ತಿಪ್ಪೋಜ ಕಟ್ಟಿದ್ದು. ಎಲ್ಲರೂ ಬೆರಗಾಗುತ್ತಾರೆ ಅಂದುಕೊಂಡಿದ್ದೆ. ಚಾವಣಿಯ ಕಮಲದ ಚಿತ್ರವನ್ನು ಶಿಕ್ಷಕರು ಬಹಳ ಹೊತ್ತು ನೋಡಿದರು. "ಯಾವ ಹೊತ್ತಿನ್ಯಾಗ ತಗದಿ?" ಅಂದರು. ನಾನು ಹೊತ್ತು ಹೇಳಲಿಲ್ಲ. ಲೆನ್ಸಿನ ಹೆಸರು ಹೇಳಿದೆ, ಫ್ಲ್ಯಾಶಿನ ಹೆಸರು ಹೇಳಿದೆ. ಅವರು ನಕ್ಕು, "ಕಮಲ ಎಲ್ಲೈತಿ? ಇದು ಕಲ್ಲಿನ ಮ್ಯಾಲ ಬರದ ರಂಗೋಲಿ ಕಂಡಂಗ ಕಾಣಸ್ತೈತಿ" ಅಂದರು.

ಅವರು ಹೇಳಿದ್ದು ಖರೆ. ಫ್ಲ್ಯಾಶ್ ಕ್ಯಾಮೆರಾದ ಪಕ್ಕದಿಂದಲೇ ನೇರವಾಗಿ ಬಡಿಯುತ್ತದೆ. ಉಬ್ಬಿಗೂ ತಗ್ಗಿಗೂ ಒಂದೇ ಬೆಳಕು. ನೆರಳೇ ಇಲ್ಲದಿದ್ದರೆ ದಳ ಯಾವುದು, ಗುಳಿ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಶಿಲ್ಪಿಯ ಉಳಿಯ ಕೆಲಸ ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ಹೊರಗೋಡೆಯ ಶಿಲ್ಪಕ್ಕೆ ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತನ್ನು ಕಾಯಬೇಕು. ಆ ಹೊತ್ತು ಹೆಚ್ಚು ಕಾಲ ಇರುವುದಿಲ್ಲ.

ಮುಂದಿನ ಸಲ ಊರಿಗೆ ಬಂದಾಗ ಫ್ಲ್ಯಾಶ್ ತರಲಿಲ್ಲ. ಅಪ್ಪನ ಬಿಳಿ ಧೋತರ ಒಯ್ದೆ. ಮಂಟಪದ ಅಂಚಿಗೆ ಬಿಸಿಲು ಬಿದ್ದ ಜಾಗದಲ್ಲಿ ಅದನ್ನು ಹಾಸಿದೆ. ಬಿಸಿಲು ಧೋತರಕ್ಕೆ ಬಡಿದು ಮೇಲಕ್ಕೆ ಚಿಮ್ಮಿತು, ಒಂದು ಬದಿಯಿಂದ ಚಾವಣಿಗೆ ಹಬ್ಬಿತು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಆಕಾಶಕ್ಕೆ ಮುಖಮಾಡಿ ನಿಲ್ಲಿಸಿ, ಎಫ್ 8ಕ್ಕೆ ಇಟ್ಟು, ನಾಲ್ಕು ಎಣಿಸುವವರೆಗೆ ಶಟರ್ ತೆರೆದಿಟ್ಟೆ. ಆಗ ಕಮಲ ಅರಳಿತು. ಆ ಚಿತ್ರ ಇವತ್ತು ಎಂಟನೆಯ ಇಯತ್ತೆಯ ಕೋಣೆಯಲ್ಲಿದೆ, ನೋಡಿ. ಅದಕ್ಕೆ ಖರ್ಚಾದದ್ದು ಒಂದು ಧೋತರ ಒಗೆಯುವ ಸಾಬೂನು.

ಮಕ್ಕಳೇ, ನಿಮ್ಮ ಕೈಯಲ್ಲಿ ಈಗ ಮೊಬೈಲ್ ಇದೆ. ನನ್ನ ಝೆನಿಟ್‌ಗಿಂತ ಅದು ಜಾಣ. ಆದರೂ ನಾಲ್ಕು ಮಾತು ಕೇಳಿ. ತೆಗೆಯುವ ಮೊದಲು ಲೆನ್ಸನ್ನು ಮೆತ್ತನೆಯ ಅರಿವೆಯಿಂದ ಒರೆಸಿ. ಅರ್ಧ ಮಸುಕು ಅಲ್ಲೇ ಹೋಗುತ್ತದೆ. ಅಜ್ಜನ ಫೋಟೋ ನಡುಮಧ್ಯಾಹ್ನ ಹೊಲದಲ್ಲಿ ತೆಗೆಯಬೇಡಿ. ರುಮಾಲಿನ ನೆರಳು ಕಣ್ಣು ನುಂಗಿಬಿಡುತ್ತದೆ. ಅಜ್ಜನನ್ನು ಬಾಗಿಲ ಒಳಗೆ ಹೊಸ್ತಿಲ ಹತ್ತಿರ, ಹೊರಗಿನ ಬೆಳಕಿಗೆ ಮುಖಮಾಡಿ ಕೂಡಿಸಿ. ಕಣ್ಣಿನಲ್ಲಿ ಬಾಗಿಲಿನದೇ ಒಂದು ಸಣ್ಣ ಹೊಳಪು ಕಾಣುತ್ತದೆ. ನಮ್ಮ ಕಾಲದ ಲೆಕ್ಕ ಬಾಯಿಪಾಠವಾಗಿತ್ತು: 125 ವೇಗದ ಫಿಲ್ಮಿಗೆ ಸೆಕೆಂಡಿನ 125ನೆಯ ಒಂದು ಭಾಗ, ಬಿರುಬಿಸಿಲಿಗೆ ಎಫ್ 16, ತೆರೆದ ನೆರಳಿಗೆ ಎಫ್ 5.6. ಈಗ ಆ ಲೆಕ್ಕವನ್ನು ಮೊಬೈಲೇ ಮಾಡುತ್ತದೆ. ಆದರೆ ಅಜ್ಜನನ್ನು ಎಲ್ಲಿ ಕೂಡಿಸಬೇಕು ಎಂಬುದನ್ನು ಅದು ಹೇಳುವುದಿಲ್ಲ.

ಇನ್ನು ನನ್ನ ತಪ್ಪಿನ ಮಾತು.

ನಮಗೆ ಗಣಿತ ಕಲಿಸಿದ ಗುರುಗಳು ನಿವೃತ್ತರಾದ ದಿನ ಇಲ್ಲಿರುವ ಬಹಳ ಮಂದಿಗೆ ನೆನಪಿದೆ. ಇದೇ ಅಂಗಳದಲ್ಲಿ ಹಂದರ ಹಾಕಿದ್ದೆವು. ಸರ್ ಎಂದೂ ಫೋಟೋಕ್ಕೆ ನಿಂತವರಲ್ಲ. ಅಂದು ನಮ್ಮ ಒತ್ತಾಯಕ್ಕೆ ನಿಂತರು. ಹೊಸದಾಗಿ ಕೊಂಡ ಝೆನಿಟ್ ಹಿಡಿದು ನಾನೇ ಎಲ್ಲ ತೆಗೆದೆ. ಸರ್ ಕಣ್ಣೊರೆಸಿಕೊಂಡದ್ದು, ಹುಡುಗಿಯರು ಆರತಿ ಎತ್ತಿದ್ದು, ಕೊನೆಗೆ ಕಪ್ಪುಹಲಗೆಯ ಮುಂದೆ ಸುಣ್ಣದಕಡ್ಡಿ ಹಿಡಿದು ನಕ್ಕದ್ದು. 36 ಚಿತ್ರಗಳ ರೋಲ್. 36 ಮುಗಿದ ಮೇಲೂ ಲಿವರ್ ತಿರುಗಿತು. 37, 38, 39. ಪುಕ್ಕಟೆ ಮೂರು ಚಿತ್ರ ಸಿಕ್ಕವು ಎಂದು ಹಿಗ್ಗಿದೆ. ರೋಲನ್ನು ಹಿಂದಕ್ಕೆ ಸುತ್ತುವಾಗ ಕೈಗೆ ಬಿಗಿಯೇ ಹತ್ತಲಿಲ್ಲ. ಹೊಸ ಕ್ಯಾಮೆರಾ, ಹಗುರಾಗಿ ತಿರುಗುತ್ತದೆ ಅಂದುಕೊಂಡೆ.

ವಾರದ ಮೇಲೆ ಸ್ಟುಡಿಯೋಕ್ಕೆ ಹೋದೆ. ಅಲ್ಲಿಯ ಹಿರಿಯರು ಮಾತಾಡದೆ ತೊಳೆದ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಗಾಜಿನ ಹಾಗೆ ಖಾಲಿ. "ನೋಡ್ ತಮ್ಮಾ, ಅಂಚಿನ ನಂಬರ್ ಮೂಡ್ಯಾವು. ತುದಿ ಕರ್ರಗಾಗೇತಿ. ಔಷಧದ ತಪ್ಪಲ್ಲ ಇದು. ನಡುವ ಬೆಳಕ ಬಿದ್ದೇ ಇಲ್ಲ" ಅಂದರು.

ತಿಳಿಯದವರಿಗೆ ಬಿಡಿಸಿ ಹೇಳುತ್ತೇನೆ. ಅಂಚಿನ ಅಂಕಿಗಳನ್ನು ಫಿಲ್ಮ್ ಕಾರ್ಖಾನೆಯಲ್ಲೇ ಬೆಳಕಿನಿಂದ ಮೂಡಿಸಿರುತ್ತಾರೆ. ತೊಳೆಯುವ ಔಷಧ ಸರಿಯಿದ್ದರೆ ಮಾತ್ರ ಅವು ಕಾಣುತ್ತವೆ. ರೋಲ್ ಹಾಕುವಾಗ ಬೆಳಕು ಕಂಡ ತುದಿಯೂ ಕಪ್ಪಾಗಿತ್ತು. ಅಂದರೆ ತೊಳೆದವರ ಕೆಲಸದಲ್ಲಿ ಏನೂ ದೋಷವಿಲ್ಲ. ನಾನು ಫಿಲ್ಮಿನ ನಾಲಿಗೆಯನ್ನು ಸುರುಳಿಗೆ ಸರಿಯಾಗಿ ಸಿಕ್ಕಿಸಿರಲಿಲ್ಲ. ಶಟರ್ ಕಟಕಟ ಅಂದಿತು, ಅಂಕಿ ಏರಿತು, ಫಿಲ್ಮ್ ಮಾತ್ರ ಡಬ್ಬಿ ಬಿಟ್ಟು ಬರಲೇ ಇಲ್ಲ. ಲಿವರ್ ಎಳೆದಾಗ ಎಡಗಡೆಯ ಗುಬುಟು ತಿರುಗುತ್ತದೆಯೋ ಇಲ್ಲವೋ ಎಂದು ಒಂದು ಸಲ ನೋಡಿದ್ದರೆ ಸಾಕಿತ್ತು.

ಅದು ಅಜಾಗರೂಕತೆ. ಅದನ್ನು ಯಾರೂ ಕ್ಷಮಿಸುತ್ತಿದ್ದರು. ಆದರೆ ಊರಿಗೆ ಬಂದು ನಾನು ಏನು ಹೇಳಿದೆ? "ಸ್ಟುಡಿಯೋದವರು ರೋಲ್ ಕೆಡಿಸಿದರು" ಅಂದೆ. ಎಲ್ಲರೂ ನಂಬಿದರು. ಸರ್ ಕೂಡ ನಂಬಿದರು. "ಇರ್ಲಿ ಬಿಡು, ಅವರ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ, ಯಾರಿಗೂ ಹೇಳಬ್ಯಾಡ್ರಿ" ಅಂದರು. ಆದರೂ ಮಾತು ಹಬ್ಬಿತು. ನಮ್ಮೂರ ಕೆಲವು ಮದುವೆಗಳ ಕೆಲಸ ಅವರ ಕೈತಪ್ಪಿ ಬೇರೆಯವರಿಗೆ ಹೋಯಿತು. ಅವರು ಒಂದು ದಿನವೂ ನನ್ನನ್ನು ಕೇಳಲಿಲ್ಲ. ನಾನೂ ಆ ಅಂಗಡಿಯ ಮುಂದೆ ಹಾಯುವುದನ್ನು ಬಿಟ್ಟೆ.

ಧಾರವಾಡದ ನಮ್ಮ ಭಾನುವಾರದ ಕೂಟದಲ್ಲಿ ಒಂದು ರೂಢಿ ಇತ್ತು. ಒಳ್ಳೆಯ ಚಿತ್ರದ ಜೊತೆ ಕೆಟ್ಟ ಚಿತ್ರವನ್ನೂ ತಂದು, ಏಕೆ ಕೆಟ್ಟಿತು ಎಂದು ಹೇಳಬೇಕು. ನಾನು ಅಲುಗಿದ್ದನ್ನು ತೋರಿಸಿದೆ, ಬೆಳಕು ಹೆಚ್ಚಾದದ್ದನ್ನು ತೋರಿಸಿದೆ. ಈ ರೋಲನ್ನು ಮಾತ್ರ ತೋರಿಸಲಿಲ್ಲ. ಅದು ಟ್ರಂಕಿನಲ್ಲೇ ಉಳಿಯಿತು.

ಸರ್ ಈಗಿಲ್ಲ. ಸ್ಟುಡಿಯೋದ ಆ ಹಿರಿಯರೂ ಇಲ್ಲ. ಈ ಪ್ರದರ್ಶನಕ್ಕೆ ಚಿತ್ರ ಆರಿಸುವಾಗ ರೋಲ್ ಕೈಗೆ ಬಂತು. ಹೋದ ವಾರ ಅದನ್ನು ಹಿಡಿದುಕೊಂಡು ಆ ಹಿರಿಯರ ಮಗನ ಮನೆಗೆ ಹೋದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ರೋಲನ್ನು ಬಿಚ್ಚಿ ಕಿಟಕಿಗೆ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. "ಡೆವಲಪ್ ಚಲೋ ಆಗೇತ್ರಿ" ಅಂದರು. ಅಷ್ಟೇ.

ಆ ರೋಲನ್ನು ಅವರ ಒಪ್ಪಿಗೆ ಪಡೆದು ಪ್ರದರ್ಶನದ ಕೊನೆಯ ಚೌಕಟ್ಟಿನಲ್ಲಿ ಹಾಕಿದ್ದೇನೆ. ಅದರಲ್ಲಿ ಅಂಕಿಗಳಲ್ಲದೆ ಬೇರೇನೂ ಇಲ್ಲ. ಏಕೆ ಖಾಲಿ ಎಂದು ಯಾರಾದರೂ ಕೇಳಿದರೆ, ತೆಗೆದವನು ಫಿಲ್ಮ್ ಸಿಕ್ಕಿಸಿರಲಿಲ್ಲ ಎಂದು ಹೇಳಿ. ನಾನು ಹಬ್ಬಿಸಿದ ಮಾತನ್ನು ಕೇಳಿದ್ದವರು ಇವತ್ತು ಈ ಮಾತನ್ನೂ ಅಷ್ಟೇ ದೂರ ಒಯ್ಯಿರಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನೊಂದು ಬೇಡಿಕೆ. ಸರ್ ಅವರ ಚಿತ್ರ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇರಬಹುದು. ಗುಂಪಿನ ಮೂಲೆಯಲ್ಲಿ ಬೆರಳುಗುರಿನಷ್ಟು ಮುಖವಿದ್ದರೂ ಸಾಕು, ತನ್ನಿ. ಹಳೆಯ ಫೋಟೋ ಗಾಜಿಗೆ ಅಂಟಿದ್ದರೆ ಕೀಳಬೇಡಿ, ಚೌಕಟ್ಟಿನ ಸಮೇತ ತನ್ನಿ. ನೆರಳಿನಲ್ಲಿಟ್ಟು, ಕ್ಯಾಮೆರಾವನ್ನು ಸಮಕ್ಕೆ ಹಿಡಿದು ನಾನು ನಕಲು ತೆಗೆದು ಅಲ್ಲೇ ಮರಳಿಸುತ್ತೇನೆ. ಮನೆಯಲ್ಲಿರುವ ಫೋಟೋಗಳ ಹಿಂದೆ ಹೆಸರು, ಇಸವಿ ಬರೆದಿಡಿ. ಬಾಲ್‌ಪೆನ್ ಬೇಡ, ಒತ್ತಿದ ಗೆರೆ ಮುಂದೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಮೊಬೈಲಿನಲ್ಲಿರುವುದರಲ್ಲಿ ವರ್ಷಕ್ಕೆ ಹತ್ತನ್ನಾದರೂ ಕಾಗದಕ್ಕೆ ಇಳಿಸಿ. ಮೊಬೈಲ್ ನೀರಿಗೆ ಬಿದ್ದ ದಿನ ನನ್ನ ಮಾತು ನೆನಪಾಗುತ್ತದೆ.

ಶಾಲೆಗೆ ಐವತ್ತು ತುಂಬಿತು. ನೂರು ತುಂಬಿದಾಗ ಇಲ್ಲಿ ಮಾತಾಡುವವರು ಈಗ ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು. ಅವರಿಗೆ ತೋರಿಸಲು ನಮ್ಮ ಮುಖಗಳೂ ಹೆಸರುಗಳೂ ಉಳಿದಿರಲಿ.

ಹದಿನೈದು ನಿಮಿಷ ದಾಟಿದ್ದೇನೆ.