ಕಾಯಿಯ ಬೆಲೆ, ಕಾಯಿಯ ಬಲ

ಚದುರಂಗದ ಕಾಯಿಗಳ ನಡೆಯನ್ನು ಮಕ್ಕಳು ಒಂದೇ ದಿನದಲ್ಲಿ ಕಲಿತುಬಿಡುತ್ತಾರೆ. ಆ ಕಾಯಿಗಳ ಬಲ ತಿಳಿಯಲು ಮಾತ್ರ ವರ್ಷಗಳು ಬೇಕು. ಇವತ್ತು ಆ ಬಲದ ಬಗ್ಗೆ ಮಾತಾಡೋಣ.

ನಮ್ಮ ಸೇಡಂ ಸೀಮೆಯಲ್ಲಿ ಈ ಆಟದ ಮಾತಿಗೆ ಹಳೆಯ ಹಿನ್ನೆಲೆಯಿದೆ. ಆದಿತ್ಯನಗರದ ಮಗ್ಗುಲಲ್ಲೇ, ಕಾಗಿಣಾ ದಂಡೆಯ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 10ನೇ ಶತಮಾನದ ಅರಬ್ ಇತಿಹಾಸಕಾರ ಅಲ್ ಮಸೂದಿ ಈ ರಾಜಧಾನಿಯನ್ನು ಹೆಸರಿಸಿದ ಗ್ರಂಥದಲ್ಲೇ, ಭಾರತದಲ್ಲಿ ಆನೆಯ ದಂತದಿಂದ ಚದುರಂಗದ ಕಾಯಿ ಮಾಡುತ್ತಾರೆಂದೂ ಬರೆದಿದ್ದಾನೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿಗೆ ಚದುರಂಗವನ್ನೂ ಸೇರಿಸಿದ. ಹಳೆಯ ಆಟದಲ್ಲಿ ಮಂತ್ರಿ ಬಡಪಾಯಿ. ಓರೆಯಾಗಿ ಒಂದು ಮನೆ ಸರಿಯುವುದಷ್ಟೇ ಅವನ ಶಕ್ತಿ. 15ನೇ ಶತಮಾನದ ಕೊನೆಗೆ ಯುರೋಪಿನಲ್ಲಿ ನಿಯಮ ಬದಲಾದ ಮೇಲೆ ಅವನೇ ಮಣೆಯ ಮೇಲಿನ ಅತಿ ಬಲಶಾಲಿಯಾದ.

ಇಂದು ಕಾಯಿಗಳ ಬೆಲೆಯನ್ನು ಅಂಕಿಯಲ್ಲಿ ಹೇಳುವುದು ರೂಢಿ. ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ 3, ಆನೆಗೆ 5, ಮಂತ್ರಿಗೆ 9. ರಾಜನಿಗೆ ಬೆಲೆ ಕಟ್ಟುವುದಿಲ್ಲ. ಅವನು ಸಿಕ್ಕಿಬಿದ್ದರೆ ಆಟವೇ ಮುಗಿಯಿತು. ಈ ಅಂಕಿಗಳು ಮಾರುಕಟ್ಟೆಯಲ್ಲಿ ಬೆಳಿಗ್ಗೆ ಕೂಗುವ ತೊಗರಿ ಧಾರಣೆ ಇದ್ದಹಾಗೆ. ಲೆಕ್ಕ ಶುರುಮಾಡಲು ಬೇಕು. ನಿಮ್ಮ ಚೀಲದ ಕಾಳಿಗೆ ಎಷ್ಟು ಸಿಗುತ್ತದೆ ಎಂಬುದು ಕಾಳನ್ನು ನೋಡಿದ ಮೇಲೆಯೇ ತೀರ್ಮಾನ.

ಖಾಲಿ ಮಣೆಯ ಮೇಲೆ ಒಂದು ಕುದುರೆಯನ್ನು ಇಟ್ಟು ನೋಡಿ. ನಡುವೆ ನಿಂತರೆ ಅದಕ್ಕೆ 8 ಮನೆಗಳು ಎಟುಕುತ್ತವೆ. ಮೂಲೆಗೆ ಹೋದರೆ ಎರಡೇ. ಒಂಟೆಗೆ ನಡುವೆ 13, ಅಂಚಿನಲ್ಲಿ 7. ಆನೆಗೆ ಮಾತ್ರ ಎಲ್ಲಿ ನಿಲ್ಲಿಸಿದರೂ 14. ಹಾಗೆಂದು ಆನೆ ಸದಾ ಬಲಶಾಲಿ ಎನ್ನುವಂತಿಲ್ಲ. ಆಟದ ಆರಂಭದಲ್ಲಿ ಅದು ತನ್ನದೇ ಕಾಲಾಳುಗಳ ಹಿಂದೆ ಸುಮ್ಮನೆ ನಿಂತಿರುತ್ತದೆ. ಕಾಲಾಳುಗಳು ಕಡಿದುಹೋಗಿ ನೇರ ಸಾಲು ತೆರೆದಾಗಲೇ ಅದಕ್ಕೆ ಜೀವ ಬರುತ್ತದೆ.

ಕುದುರೆ ಮತ್ತು ಒಂಟೆಗೆ ಒಂದೇ ಬೆಲೆಯಾದರೂ ಕೆಲಸ ಬೇರೆ. ಕುದುರೆಯೊಂದೇ ಬೇರೆ ಕಾಯಿಗಳ ಮೇಲಿಂದ ಹಾರಬಲ್ಲದು, ಒಂದೇ ನೆಗೆತಕ್ಕೆ ರಾಜನನ್ನೂ ಆನೆಯನ್ನೂ ಕೂಡಿ ಹಿಡಿಯಬಲ್ಲದು. ಮಣೆ ಇಕ್ಕಟ್ಟಾಗಿದ್ದಾಗ ಅದೇ ಮೇಲು. ಒಂಟೆ ದೂರದ ಓಟಗಾರ. ಆದರೆ ಅದು ಹುಟ್ಟಿದ ಬಣ್ಣ ಬಿಟ್ಟು ಆಚೆ ಹೋಗದು. 64ರಲ್ಲಿ 32 ಮನೆಗಳು ಅದಕ್ಕೆ ಇಲ್ಲವೇ ಇಲ್ಲ. ಎರಡು ಒಂಟೆ ಜೊತೆಗಿದ್ದರೆ ಆ ಕೊರತೆ ತುಂಬುತ್ತದೆ. ರಾಜನ ನೆರವಿನಿಂದ ಎರಡು ಒಂಟೆಗಳು ಎದುರಾಳಿಯ ಒಂಟಿ ರಾಜನನ್ನು ಕಟ್ಟಿಹಾಕುತ್ತವೆ. ಎರಡು ಕುದುರೆಗಳು ಎಷ್ಟು ಓಡಿಸಿದರೂ ಬಲವಂತವಾಗಿ ಅದನ್ನು ಸಾಧಿಸಲಾರವು.

ಈಗ ಕಾಲಾಳಿನ ಮಾತು. ಕೊನೆಯಲ್ಲಿ ನಿಮ್ಮ ಕೈಯಲ್ಲಿ ಒಂದೇ ಒಂಟೆ ಉಳಿದು ಎದುರಿಗೆ ಒಂಟಿ ರಾಜನಿದ್ದರೆ ಗೆಲುವು ಅಸಾಧ್ಯ. ಅದೇ ಜಾಗದಲ್ಲಿ ಒಂದೇ ಒಂದು ಕಾಲಾಳು ಉಳಿದಿದ್ದರೆ ಗೆಲ್ಲುವ ದಾರಿ ಇರಬಹುದು, ಏಕೆಂದರೆ ಕೊನೆಯ ಸಾಲು ಮುಟ್ಟಿದ ಕಾಲಾಳು ಮಂತ್ರಿಯಾಗುತ್ತದೆ. ಬೆಲೆಪಟ್ಟಿ 3 ಎಂದದ್ದು ಕೈಕಟ್ಟಿ ನಿಂತಿತು. 1 ಎಂದದ್ದು ಆಟ ಗೆದ್ದಿತು.

ಇದಕ್ಕೆ ದೊಡ್ಡ ಸಾಕ್ಷಿ 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಸಿಕ್ಕಿತು. ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ. ಗುಕೇಶ್ ಮತ್ತು ಡಿಂಗ್ ಲಿರೆನ್ ಇಬ್ಬರ ಬಳಿಯೂ ಒಂದು ಆನೆ, ಒಂದು ಒಂಟೆ. ಗುಕೇಶ್‌ಗೆ ಕಾಲಾಳು ಎರಡು, ಡಿಂಗ್‌ಗೆ ಒಂದು. ಆನೆ ಮತ್ತು ಒಂಟೆ ಇರುವವರೆಗೂ ಡಿಂಗ್ ಆಟವನ್ನು ಸಮ ಮಾಡಿಕೊಳ್ಳಬಹುದಿತ್ತು. ಅವರ ಒಂಟೆ ಮಾತ್ರ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಆನೆಯ ಎದುರಿಗಿಟ್ಟರು. ಗುಕೇಶ್ ಆನೆಗಳನ್ನು ಕಡಿದು, ಮರುನಡೆಯಲ್ಲೇ ತಮ್ಮ ಒಂಟೆಯನ್ನು ಆ ಒಂಟೆಗೆ ಎದುರಾಗಿ ತಂದರು. ಅದಕ್ಕೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ದೊಡ್ಡ ಕಾಯಿಗಳೆಲ್ಲ ಮಣೆಯಿಂದ ಇಳಿದ ಮೇಲೆ ಒಂದು ಹೆಚ್ಚಿನ ಕಾಲಾಳೇ ವಿಶ್ವ ಕಿರೀಟವನ್ನು ತೀರ್ಮಾನಿಸಿತು. ಅಲ್ಲಿಯವರೆಗೆ ಕಾವಲಿನಲ್ಲಿ ಇರಬೇಕಾದ ರಾಜನೂ ಆಗ ಮುಂದೆ ನಡೆದು ಕಾಲಾಳಿಗೆ ದಾರಿ ಮಾಡುವ ಯೋಧನಾಗುತ್ತಾನೆ.

ವಾಡಿಯಲ್ಲಾಗಲಿ ಚಿಂಚೋಳಿಯಲ್ಲಾಗಲಿ, ಮಗುವಿಗೆ ಆಟ ಕಲಿಸುವವರು ಮೊದಲು ಬೆಲೆಪಟ್ಟಿ ಹೇಳಿಕೊಡಿ. ಆಮೇಲೆ ಪ್ರತಿ ನಡೆಗೂ ಮುನ್ನ ಒಂದು ಪ್ರಶ್ನೆ ಕೇಳುವ ಅಭ್ಯಾಸ ಹಾಕಿ: ನನ್ನ ಕಾಯಿಗಳಲ್ಲಿ ಕೆಲಸವಿಲ್ಲದೆ ನಿಂತಿರುವುದು ಯಾವುದು? ಅದಕ್ಕೆ ತಕ್ಕ ಮನೆ ಹುಡುಕಿ ಕೊಟ್ಟರೆ ಎಷ್ಟೋ ಆಟಗಳು ತಾವಾಗಿಯೇ ದಾರಿಗೆ ಬರುತ್ತವೆ.